ಕರೆಂಟೇ ನಿಧಾನ ಎಂದ ಮುಳ್ಳಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಏಣಿ ನಿಲ್ಲಿಸಿ ಮುಳ್ಳಕ್ಕ ಮೂರು ಮೆಟ್ಟಿಲು ಹತ್ತುತ್ತಾರೆ. ಗೋಡೆ ಗಡಿಯಾರದ ಗಾಜು ಒರೆಸಿ, ಕೈಗಡಿಯಾರಕ್ಕೆ ತಾಳೆ ನೋಡಿ, "ಸರಿಯಾಗಿದ್ದೀಯ, ಜಾಣ" ಎಂದು ಇಳಿಯುತ್ತಾರೆ. ದಿನಕ್ಕೆ ಇಂಥ ಅರವತ್ತನಾಲ್ಕು ಗಡಿಯಾರ.

ಇಪ್ಪತ್ತೆರಡು ವರ್ಷಗಳಿಂದ ಅವರು ಇಲ್ಲಿಯ ಎಲೆಕ್ಟ್ರಿಷಿಯನ್. ಮುಳ್ಳಕ್ಕ ಎಂದು ಹೆಸರು ಇಟ್ಟವರು ನರ್ಸುಗಳು. "ಗಡಿಯಾರದ ಮುಳ್ಳಿಗೆ ಅಂತಷ್ಟೇ ಅಲ್ಲ, ನನ್ನ ಮಾತೂ ಚುಚ್ಚತ್ತಂತೆ!" ಎಂದು ಅವರೇ ನಗುತ್ತಾರೆ.

ಈ ಗಡಿಯಾರಗಳಿಗೆ ಸೆಲ್ ಇಲ್ಲ. ತಂತಿಯಲ್ಲಿ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆಮುಂದೆ ತುಯ್ಯುತ್ತದೆ. ಆ ತುಯ್ತವನ್ನು ಎಣಿಸಿಯೇ ಮುಳ್ಳು ನಡೆಯುತ್ತದೆ.

ಕಳೆದ ಚಳಿಗಾಲದಲ್ಲಿ ಎಲ್ಲ ಗಡಿಯಾರಗಳೂ ಒಟ್ಟಿಗೆ ಆರು ನಿಮಿಷ ಹಿಂದೆ ಬಿದ್ದವು. ಆಗ ದಿನವೂ ನೋಡುವ ಪದ್ಧತಿ ಇರಲಿಲ್ಲ. ಪಾಳಿ ಮುಗಿಸಿದ ನರ್ಸುಗಳಿಗೆ ಬಸ್ಸು ತಪ್ಪಿತು, ಮುಳ್ಳಕ್ಕನಿಗೆ ನೋಟಿಸು ಬಂತು. ವರ್ಷಕ್ಕೊಮ್ಮೆ ಮುಂದುವರಿಸುವ ಕೆಲಸ. ಇನ್ನೊಂದು ನೋಟಿಸು ಬಂದರೆ ಮನೆಯೇ ಗತಿ. ಎಲ್ಲವನ್ನೂ ಸರಿಮಾಡಿದರು. ವಾರದಲ್ಲಿ ಮತ್ತೆ ಒಂದು ನಿಮಿಷ ಹಿಂದೆ!

ಸುಳಿವು ಸಿಕ್ಕಿದ್ದು ಮನೆಯಲ್ಲಿ. ವಾರದ ಹಿಂದಷ್ಟೇ ಸರಿಮಾಡಿ ಪ್ಲಗ್ಗಿಗೆ ಹಾಕಿದ್ದ ಅಲಾರಂ ನೋಡಿ ಗಂಡ ಕೇಳಿದರು: "ಇದೂ ಒಂದು ನಿಮಿಷ ಹಿಂದೆ ಕಣೇ. ಆಸ್ಪತ್ರೆ ರೋಗ ಮನೆಗೂ ತಂದ್ಯಾ?" ಅಡುಗೆಮನೆಯ ಸೆಲ್ ಗಡಿಯಾರ ಮಾತ್ರ ಸರಿಯಾಗಿತ್ತು. ಹಾಗಾದರೆ ಕರೆಂಟೇ ನಿಧಾನ!

ಮೇಲ್ವಿಚಾರಕರು ನಂಬಲಿಲ್ಲ. "ಕುಣಿಯಲಾರದವಳಿಗೆ ನೆಲ ಡೊಂಕು ಅಂದ್ರು. ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದವಳೇ ನೋಟ್‌ಬುಕ್ ತಗೊಂಡೆ."

ಎರಡು ವಾರ ರೇಡಿಯೊದ ಸಮಯಸೂಚನೆಗೆ ತಾಳೆ ನೋಡಿ ಬರೆದರು: ದಿನಕ್ಕೆ ಎಂಟೊಂಬತ್ತು ಸೆಕೆಂಡು ನಷ್ಟ. ರಜೆಯ ದಿನ ಬಸ್ಸು ಹತ್ತಿ, ವಿದ್ಯುತ್ ಹಂಚಿಕೆಯನ್ನು ಕಾಯುವ ನಿಯಂತ್ರಣ ಕೊಠಡಿಗೇ ಹೋದರು. ಅಲ್ಲಿಯ ಪಾಳಿ ಎಂಜಿನಿಯರ್ ಪುಟ ತಿರುವಿ ಎದ್ದುನಿಂತರು. "ಒಂದು ವಿದ್ಯುತ್ ಸ್ಥಾವರ ಕೆಟ್ಟಿದೆ ಅಮ್ಮಾ. ಐವತ್ತಕ್ಕೆ ಕೂದಲೆಳೆಯಷ್ಟು ಕಡಿಮೆ ಓಡಿಸ್ತಿದ್ದೀವಿ. ನಿಮ್ಮ ಲೆಕ್ಕ ನಮ್ಮ ಲೆಕ್ಕ ಒಂದೇ!"

ಎಂಜಿನಿಯರ್ ಬರೆದುಕೊಟ್ಟ ಪತ್ರ ಓದಿ ಮೇಲ್ವಿಚಾರಕರು ನೋಟಿಸು ಹಿಂದಕ್ಕೆ ಪಡೆದರು. ಸ್ಥಾವರ ರಿಪೇರಿಯಾದ ಮೇಲೆ ನಿಯಂತ್ರಣ ಕೊಠಡಿಯವರು ಕರೆಂಟನ್ನು ತುಸು ಬೇಗ ಓಡಿಸಿದರು. ಬಿಟ್ಟುಹೋದ ಸೆಕೆಂಡುಗಳು ತಾವಾಗಿಯೇ ಮರಳಿದವು. ಈಗ ಹೆಚ್ಚುಕಮ್ಮಿಯಾದರೆ ಕೊಠಡಿಯಿಂದ ಮುಳ್ಳಕ್ಕನಿಗೆ ಫೋನು ಬರುತ್ತದೆ.

ಇನ್ನೇನು ಆಸೆ?

"ಕರೆಂಟು ಹುಟ್ಟಿಸೋ ಆ ದೊಡ್ಡ ಯಂತ್ರ ತಿರುಗೋದನ್ನ ಒಂದ್ಸಲ ನೋಡ್ಬೇಕು. ಮುಂದಿನ ತಿಂಗಳು ಬನ್ನಿ ಅಂದಿದ್ದಾರೆ. ರಜಾ ಅರ್ಜಿಯಲ್ಲಿ ಏನು ಕಾರಣ ಬರೀಲಿ ಅಂತ ಯೋಚ್ನೆ ಮಾಡಿ, 'ನೆಂಟರನ್ನು ನೋಡಲು' ಅಂತ ಬರೆದೆ."