ಕೂಗಿ ನೋಡಿ ಆರಿಸಿದ ಓಣಿ

ಜುರಾಕನ್ ಬಿಷ್ಕೆಕ್‌ನ ನಮ್ಮ ಓಣಿಗೆ ಬಂದದ್ದೇ ಗಂಡನ ತಲೆ ಒಡೆಸಿಕೊಂಡು. ಒಡೆದವರು ನಮ್ಮತ್ತೆ.

ಸುಡು ಮಧ್ಯಾಹ್ನ. ನಾನು ಅಂಗಳದಲ್ಲಿ ರತ್ನಗಂಬಳಿ ತೊಳೆಯುತ್ತಿದ್ದೆ. ಹೊರಗಿನಿಂದ ಹೆಂಗಸೊಬ್ಬಳ ಕೂಗು ಕೇಳಿತು. "ಅಯ್ಯೋ, ಬಿಡಿಸ್ರೋ! ಯಾರಾದ್ರೂ ಬರ್ರೋ! ಎಳ್ಕೊಂಡು ಹೋಗ್ತಿದಾನೆ!" ನಾನು ಕೈಯ ನೊರೆ ಒರೆಸಿಕೊಳ್ಳುವಷ್ಟರಲ್ಲಿ ನಮ್ಮತ್ತೆ ಬಾತ್ಮಾ ಕೆಂಡ ಕೆದಕುವ ಕಬ್ಬಿಣದ ಸಲಾಕೆ ಹಿಡಿದು ಗೇಟು ದಾಟಿದ್ದರು. ಸಂತೆಗೆ ಹೋಗಿ ಬನ್ನಿ ಎಂದರೆ ಅವರಿಗೆ ಮಂಡಿನೋವು. ಜಗಳವೆಂದರೆ ಮಾತ್ರ ಮಂಡಿ ಸರಿಹೋಗುತ್ತಿತ್ತು.

ನಾನು ಗೇಟಿಗೆ ಬರುವಾಗ ಎರಡು ಏಟು ಬಿದ್ದಾಗಿತ್ತು. ಒಂದು ಭುಜಕ್ಕೆ, ಇನ್ನೊಂದು ಹುಬ್ಬಿನ ಮೇಲೆ. ಹೆಂಗಸಿನ ಮಣಿಕಟ್ಟು ಹಿಡಿದಿದ್ದ ಸಣಕಲು ಮನುಷ್ಯ ಕೈ ಬಿಟ್ಟು ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಎದುರುಮನೆಯ ಲಾರಿ ಡ್ರೈವರ್ ಎರ್ಗೆಶ್ ಸ್ಪ್ಯಾನರ್ ಸಮೇತ ಓಡಿಬಂದು, ವಿಷಯ ಏನೆಂದು ಕೇಳದೆಯೇ ಹಿಂದಿನಿಂದ ಒದ್ದ.

"ಸಾಕು ಅಪಾ, ಸಾಕು! ಅವ್ರು ನನ್ನ ಗಂಡ! ನಾವು ಮನೆ ಹುಡುಕೋಕೆ ಬಂದಿರೋದು!" ಎಂದು ಆ ಹೆಂಗಸು ಕಿರುಚಿದಳು. ಹಿರಿಯ ಹೆಂಗಸನ್ನು ನಮ್ಮಲ್ಲಿ ಅಪಾ ಎಂದೇ ಕರೆಯುವುದು.

ಅತ್ತೆ ಎತ್ತಿದ ಸಲಾಕೆಯನ್ನು ಇಳಿಸಲಿಲ್ಲ. "ಗಂಡ ಆದ್ರೆ ಕೈ ಹಿಡ್ದು ಎಳೀಬೋದಾ?" ಎಂದು ಮೂರನೆಯದನ್ನೂ ಕೊಟ್ಟರು. ಆಮೇಲೆ ಅವಳ ಕಡೆ ತಿರುಗಿದರು. "ಮನೆ ಹುಡುಕೋರು ಹಿಂಗ್ ಕಿರುಚ್ತಾರೇನೇ? ತಲೆ ನೆಟ್ಟಗಿದೆಯಾ ನಿಂಗೆ?"

ಆ ಹೆಂಗಸು ರಸ್ತೆಯ ಧೂಳಿನಲ್ಲೇ ಕುಕ್ಕರಿಸಿ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. "ಇದೇ ಓಣಿ ರೀ," ಎಂದಳು ಗಂಡನಿಗೆ. "ಇಲ್ಲೇ ಇರೋಣ."

ಅವಳ ಗಂಡ ಸಾತಿಬಾಲ್ಡಿ ಟೋಪಿಯಿಂದ ಹುಬ್ಬು ಒತ್ತಿ ಹಿಡಿದುಕೊಂಡ. "ಇಲ್ಲೇ ಆಗ್ಲಿ ಮಾರಾಯ್ತಿ. ಇನ್ನೊಂದು ಓಣಿ ನೋಡೋಷ್ಟು ತಲೆ ನಂಗುಳಿದಿಲ್ಲ."

ನಮ್ಮಲ್ಲಿ ಹೊಸದಾಗಿ ಬಂದ ಸಂಸಾರವನ್ನು ಮೊದಲು ಕರೆದು ಉಣ್ಣಿಸುವುದು ಹಳಬರ ಕರ್ತವ್ಯ. ಅತ್ತೆ ಅವತ್ತೇ ಕರೆದರು. ಕುರಿಮಾಂಸ ಬೇಯಿಸಿದ್ದು ನಾನು, ಹಿಟ್ಟಿನುಂಡೆಯ ಬೋರ್ಸೋಕ್ ಕರಿದದ್ದು ನಾನು, ಹೊಗಳಿಸಿಕೊಂಡದ್ದು ಅವರು. ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಸಾತಿಬಾಲ್ಡಿಯ ತಟ್ಟೆಗೆ ಎಲ್ಲಕ್ಕಿಂತ ಒಳ್ಳೆಯ ತುಂಡು ಬಿತ್ತು. "ಹೊಡೆದದ್ದು ಹೊಡೆದಾಯ್ತು. ತಿನ್ನು," ಎಂದರು. ಅದೇ ಅವರ ಕ್ಷಮಾಪಣೆ.

ಜುರಾಕನ್ ತನ್ನ ಕಥೆ ಹೇಳಿದ್ದು ಆ ಊಟದಲ್ಲಿ. ಅವರದು ನಾರಿನ್ ಕಡೆ ಬೆಟ್ಟದ ಹಳ್ಳಿ. ದೊಡ್ಡ ಮಗಳು ಗುಲ್ಜಿನಾ ಔಷಧದಂಗಡಿಯಿಂದ ಬರುವಾಗ ಮೂವರು ಹುಡುಗರು ಕಾರು ನಿಲ್ಲಿಸಿ, ಜಡೆಗೆ ಕೈಹಾಕಿ ಒಳಕ್ಕೆ ತುರುಕಿದರು. ಬಿಸಿಲು ನೆತ್ತಿಯ ಮೇಲಿತ್ತು. ಹುಡುಗಿ ಆ ಬೀದಿಯುದ್ದಕ್ಕೂ ಗಂಟಲು ಹರಿಯುವಂತೆ ಕೂಗಿದಳು. ನೆರೆಹೊರೆಯವರೆಲ್ಲ ಗೇಟಿಗೆ ಬಂದರು, ನೋಡಿದರು, ನಕ್ಕರು. "ಮದುವೆ ಅಂದ್ಕೊಂಡ್ವಿ," ಎಂದರಂತೆ ಆಮೇಲೆ. ಹುಡುಗಿಯನ್ನು ಹೀಗೆ ಹೊತ್ತೊಯ್ದು ಮದುವೆಯಾಗುವುದು ನಮ್ಮ ಕಡೆ ಹಳೆಯ ರೂಢಿ.

ಜುರಾಕನ್ ಆ ಮನೆ ಹುಡುಕಿಕೊಂಡು ತಲುಪುವಾಗ ಮಗಳ ತಲೆಗೆ ಮದುಮಗಳ ಬಿಳಿ ವಸ್ತ್ರ ಕಟ್ಟಿಯಾಗಿತ್ತು. ಅದನ್ನು ಒಮ್ಮೆ ಕಿತ್ತೆಸೆದದ್ದಕ್ಕೆ ಅವಳ ಮುಂದಿನ ಹಲ್ಲು ಮುರಿದಿದ್ದರು. ಹೊಸ್ತಿಲಿಗಡ್ಡ ವರನ ಅಜ್ಜಿ ಮಲಗಿದ್ದಳು. ಹಾಗೆ ಮಲಗಿದ ಮುದುಕಿಯನ್ನು ದಾಟಿ ಹೋದವಳ ಬಾಳು ಹಾಳಾಗುತ್ತದೆಂದು ನಮ್ಮಲ್ಲಿ ಹಾಲು ಕುಡಿಯುವಾಗಲೇ ತಲೆಗೆ ತುಂಬುತ್ತಾರೆ.

"ಒಳಗಡೆಯಿಂದ ನನ್ನನ್ನ ಕೇಳಿದ್ಲು ಅಪಾ. 'ಅಮ್ಮಾ, ದಾಟ್ಲಾ?' ಅಂತ." ಜುರಾಕನ್ ಬೋರ್ಸೋಕನ್ನು ಚೂರುಚೂರು ಮಾಡುತ್ತಿದ್ದಳು. "ನಾನು ಬೇಡ ಅಂದೆ. ಇದ್ಬಿಡು ಅಂದೆ."

ಆ ಗಂಡ, ಕುಬಾತ್ ಅಂತ, ಕುಡಿದರೂ ಹೊಡೆಯುತ್ತಿದ್ದ, ಕುಡಿಯದಿದ್ದರೂ ಹೊಡೆಯುತ್ತಿದ್ದ. ಒಮ್ಮೆ ಹೋದಾಗ ಮಗಳ ಕುತ್ತಿಗೆಯ ಮೇಲೆ ಬೆಲ್ಟಿನ ಬಾಸುಂಡೆ ಕಂಡು ತಾಯಿ ಕೇಳಿದಳು, ಹೊಡೆಯುವಾಗ ಯಾಕೆ ಕೂಗುವುದಿಲ್ಲ, ಪಕ್ಕದ ಮನೆಯವರಾದರೂ ಬರುತ್ತಾರಲ್ಲ ಎಂದು. ಗುಲ್ಜಿನಾ ಹೇಳಿದ್ದು ಇಷ್ಟೇ: "ಕೂಗಿ ನೋಡಿದೀನಲ್ಲಮ್ಮ."

ಅಲ್ಲಿಂದ ಬಂದವಳೇ ಜುರಾಕನ್ ಕಿರಿಯ ಮಗಳು ಐಜಿರೆಕ್‌ಳ ಬಟ್ಟೆ ಗಂಟು ಕಟ್ಟಿದಳು. ಆ ಹಳ್ಳಿಯಲ್ಲಿ ಇವಳನ್ನು ಬೆಳೆಸುವುದಿಲ್ಲ, ಬಿಷ್ಕೆಕ್‌ಗೆ ಹೋಗುವುದೇ ಸೈ ಎಂದು ಹಟ ಹಿಡಿದಳು. ನಗರದಲ್ಲಿ ಯಾವ ಬಡಾವಣೆ ಎಂದಾಗ ಬಂಧುಗಳು ತಲೆಗೊಂದು ಮಾತು ಹೇಳಿದರು. ಬಸ್ಸು ಹತ್ತಿರವಿರಲಿ, ನಲ್ಲಿಯಿರಲಿ, ಶಾಲೆಯಿರಲಿ. ಜುರಾಕನ್‌ಗೆ ನಲ್ಲಿಯೂ ಬೇಡ, ಬಸ್ಸೂ ಬೇಡ. ಕೂಗಿದರೆ ಯಾರು ಹೊರಗೆ ಬರುತ್ತಾರೆ ಅನ್ನುವುದಷ್ಟೇ ಬೇಕಿತ್ತು. ಹಾಗಾಗಿ ಗಂಡನ ಕೈಗೆ ತನ್ನ ಮಣಿಕಟ್ಟು ಕೊಟ್ಟು, ಬೀದಿ ಬೀದಿಯಲ್ಲಿ ಕೂಗುತ್ತ ಹೊರಟಳು.

"ಆ ಹೊಸಾ ಫ್ಲಾಟುಗಳ ಹತ್ರ ಕೂಗಿದೆ. ಪರದೆ ಅಲ್ಲಾಡ್ತು. ಒಂದು ಮಗು ಬಾಲ್ಕನಿಗೆ ಬಂದ್ರೆ ಅದನ್ನೂ ಒಳಗೆ ಎಳ್ಕೊಂಡ್ರು."

"ದೊಡ್ಡೋರ ಬಡಾವಣೆ ಬಿಟ್ಯಲ್ಲ," ಎಂದ ಸಾತಿಬಾಲ್ಡಿ. "ಅಲ್ಲಿ ನಾಯಿ ಬಿಟ್ರು. ನಾಯಿಯಾದ್ರೂ ಹೊರಗೆ ಬಂತು."

"ನಮ್ಮ ಕುಲದೋರೇ ಇರೋ ಕಡೆ ಹೋದ್ವಿ. ಇವರ ದೊಡ್ಡಪ್ಪನ ಮನೆ ಖಾಲಿ ಇತ್ತು, ಬಾಡಿಗೆ ಬೇಡ ಅಂದಿದ್ರು. ಕೂಗಿದ ತಕ್ಷಣ ಗಂಡಸರೆಲ್ಲ ಬಂದ್ರು ಅಪಾ, ನಂಗೆ ಖುಷಿಯಾಯ್ತು. 'ಇವನು ನಿನ್ನ ಗಂಡ ತಾನೇ?' ಅಂತ ಕೇಳಿದ್ರು. ಹೌದು ಅಂದೆ. ವಾಪಸ್ ಇಸ್ಪೀಟ್ ಆಡೋಕೆ ಹೋದ್ರು."

ಪುಕ್ಕಟೆ ಮನೆ ಬಿಟ್ಟು ಬಂದವಳನ್ನು ಇಡೀ ಬಳಗ ಹುಚ್ಚಿ ಎಂದಿತಂತೆ. ಅತ್ತೆ ಮೂಳೆ ಕಡಿಯುತ್ತ ಎಲ್ಲ ಕೇಳಿಸಿಕೊಂಡರು. ಕೊನೆಗೆ, "ನನ್ನ ಮದುವೇಲೂ ಒಬ್ಳು ಮುದುಕಿ ಹೊಸ್ತಿಲಲ್ಲಿ ಮಲಗಿದ್ಲು," ಎಂದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿತ್ತು, ನನಗೆ ಆ ವಿಷಯ ಗೊತ್ತೇ ಇರಲಿಲ್ಲ. ಗೋಡೆಯ ಮೇಲೆ ತುಪ್ಪಳದ ಟೋಪಿ ಹಾಕಿಕೊಂಡಿದ್ದ ಮಾವನವರ ಫೋಟೋ ನೋಡಿದೆ. ಸಾರು ಬಡಿಸಲು ಎದ್ದು ಹೋದೆ.

ಓಣಿಯ ಕೊನೆಯಲ್ಲಿ ಮಣ್ಣಿಟ್ಟಿಗೆಯ ಎರಡು ಕೋಣೆ ಅವರಿಗೆ ಸಿಕ್ಕಿತು. ನೀರಿಗೆ ಕಾಲುವೆ ದಾಟಿ ಹೋಗಬೇಕು, ಮಳೆ ಬಂದರೆ ಮೊಣಕಾಲುದ್ದ ಕೆಸರು. ಜುರಾಕನ್ ಒಮ್ಮೆಯೂ ಗೊಣಗಲಿಲ್ಲ. ಐಜಿರೆಕ್ ಹೊಲಿಗೆ ಕಾರ್ಖಾನೆಗೆ ಸೇರಿಕೊಂಡಳು. ಅಲ್ಲಿನ ಮೇಸ್ತ್ರಿಯ ತಮ್ಮ ಅವಳ ಹಿಂದೆ ಬಿದ್ದ. ಹುಡುಗಿ ಒಲ್ಲೆ ಎಂದಳು. ಒಲ್ಲೆ ಎನ್ನುವ ಮಾತು ಅರ್ಥವಾಗದ ಗಂಡಸರು ನಗರದಲ್ಲೂ ಬೇಕಾದಷ್ಟಿದ್ದಾರೆ.

ಮುಂದಿನ ವಸಂತದ ಒಂದು ಮಧ್ಯಾಹ್ನ ಕಾರು ಓಣಿಯೊಳಗೇ ಬಂತು. ಗೇಟಿನ ಮುಂದೆ ನಿಂತಿದ್ದ ಐಜಿರೆಕ್‌ಳನ್ನು ಇಬ್ಬರು ಎತ್ತಿ ಹಿಂದಿನ ಸೀಟಿಗೆ ಎಸೆದರು. ಅವಳು ಕೂಗಿದಳು. ಅವಳ ತಾಯಿ ಕೂಗಿದಳು. ಒಂದಾದ ಮೇಲೊಂದು ಗೇಟು ತೆರೆಯಿತು. ಎರ್ಗೆಶ್ ಎಸೆದ ಇಟ್ಟಿಗೆಗೆ ಕಾರಿನ ಮುಂದಿನ ಗಾಜು ಪುಡಿಯಾಯಿತು. ಆದರೂ ಡ್ರೈವರ್ ನಿಲ್ಲಿಸಲಿಲ್ಲ, ಹಿಮ್ಮುಖವಾಗಿ ತಿರುಗಿಸಿಕೊಂಡು ಕಾಲುವೆಯ ಮೋರಿಯ ಕಡೆ ನುಗ್ಗಿಸಿದ. ನಮ್ಮ ಓಣಿಯಿಂದ ಹೊರಗೆ ಹೋಗಲು ಅದೊಂದೇ ದಾರಿ.

ಆ ಮೋರಿಯ ಮೇಲೆ ನಮ್ಮತ್ತೆ ಅಡ್ಡಡ್ಡ ಮಲಗಿದ್ದರು. ಓಡಲಾಗದ ಹೆಂಗಸು, ಅಲ್ಲಿಗೆ ಯಾವಾಗ ತಲುಪಿದರೋ ನಾ ಕಾಣೆ. ಸಲಾಕೆ ಎದೆಯ ಮೇಲಿತ್ತು, ತಲೆವಸ್ತ್ರ ಸರಿಯಾಗಿ ಕಟ್ಟಿತ್ತು.

ಕಾರು ಅವರ ಮಗ್ಗುಲಿಗೆ ಬಂದು ಗಕ್ಕನೆ ನಿಂತಿತು. ಆ ಹುಡುಗರೂ ನಮ್ಮವರೇ, ನಾವು ಕುಡಿದ ಭಯವನ್ನೇ ಕುಡಿದು ಬೆಳೆದವರು. "ಎದ್ದೇಳಿ ಅಜ್ಜಿ, ಕೈ ಮುಗೀತೀನಿ!" ಎಂದು ಡ್ರೈವರ್ ಕಿರುಚಿದ.

"ದಾಟೋ! ಗಂಡಸಾದ್ರೆ ದಾಟು! ಹುಡುಗೀರಿಗೆ ಮಾತ್ರಾನಾ ಈ ಶಾಪ?"

ಅಷ್ಟರಲ್ಲಿ ಜುರಾಕನ್ ಕಾರನ್ನು ಮುಟ್ಟಿದ್ದಳು. ಪಕ್ಕದ ಗಾಜನ್ನು ಕಲ್ಲಿನಿಂದ ಒಡೆದು, ಆ ಚೂರುಗಳ ನಡುವೆಯೇ ಎರಡೂ ಕೈ ತೂರಿಸಿ ಮಗಳನ್ನು ರಟ್ಟೆ ಹಿಡಿದು ಹೊರಕ್ಕೆ ಎಳೆದುಕೊಂಡಳು. ಮೊಣಕೈವರೆಗೆ ಚರ್ಮ ಸೀಳಿ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ನಮ್ಮ ಸಲಾಕೆಯ ಏಟಿಗೂ ಕೈ ಎತ್ತದ ಸಾತಿಬಾಲ್ಡಿ ಕೊಡಲಿಯ ಕಾವು ಹಿಡಿದು ಬಂದು ಒಬ್ಬನ ದವಡೆ ಮುರಿದ. ಡ್ರೈವರ್‌ಗೆ ದಿಕ್ಕು ತಪ್ಪಿತು. ಕಾಲು ಎಲ್ಲಿಟ್ಟನೋ, ಕಾರು ಜಿಗಿಯಿತು. ಮುಂದಿನ ಗಾಲಿ ಅತ್ತೆಯ ಕಾಲಿನ ಮೇಲೆ ಹತ್ತಿ ನಿಂತಿತು. ಒಣಕಟ್ಟಿಗೆ ಮುರಿದಂಥ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಡ್ರೈವರ್‌ನನ್ನು ಹೊರಗೆಳೆದರು. ಪೊಲೀಸರು ಬಂದಾಗ ಅವನ ಗುರುತು ಅವನ ತಾಯಿಗೂ ಸಿಗುವಂತಿರಲಿಲ್ಲ. ನಾನೂ ನಾಲ್ಕು ಬಾರಿಸಿದೆ, ಸುಳ್ಳು ಯಾಕೆ ಹೇಳಲಿ. ಇನ್ನಷ್ಟು ಬಾರಿಸಬೇಕಿತ್ತು ಎಂದು ಆಸ್ಪತ್ರೆಯಲ್ಲಿ ಅನ್ನಿಸಿತು. ಅಲ್ಲಿ ಅತ್ತೆಯ ಕಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು.

ಆಮೇಲೆ ಜುರಾಕನ್ ದಿನಾ ಬೆಳಗ್ಗೆ ಬಂದು ಅವರ ಮೈ ತೊಳೆದು ಹೋಗುತ್ತಿದ್ದಳು. ಸೊಸೆ ನಾನಿದ್ದೇನಲ್ಲ ಎಂದರೆ ಕೇಳುತ್ತಿರಲಿಲ್ಲ. ತೊಳೆಯುತ್ತ ಅಳುತ್ತಿದ್ದಳು, ಅತ್ತೆ ಬೈಯುತ್ತಿದ್ದರು.

"ನೋವು ನಂಗೆ, ಅಳು ನಿಂಗಾ? ಸುಮ್ನಿರು. ನಿನ್ನ ದೊಡ್ಡೋಳನ್ನ ಯಾವಾಗ ಕರ್ಕೊಂಡು ಬರ್ತೀಯ, ಅದನ್ನ ಹೇಳು."

"ಬಾ ಅಂದ್ರೆ ಬರಲ್ಲ ಅಪಾ. ಎಲ್ಲಾ ಕಡೇನೂ ಒಂದೇ ಅಂತಾಳೆ."

"ಒಂದೇನಾ?" ಅತ್ತೆ ತಮ್ಮ ಮೋಟುಗಾಲನ್ನು ನೋಡಿಕೊಂಡರು. "ಇದನ್ನ ತೋರ್ಸು ಅವಳಿಗೆ."

ತೋರಿಸಲು ಆಗಲಿಲ್ಲ. ಎರಡನೆಯ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಜೀವವಿದ್ದಾಗ ಅವರ ಬಾಯಿಗೆ ಹೆದರಿ ಸಾಯುತ್ತಿದ್ದೆ. ಹೋದ ಮೇಲೆ ಆ ಬೈಗುಳವಿಲ್ಲದೆ ಮನೆ ಬಣಬಣ ಎನ್ನಿಸಿತು. ನಲವತ್ತನೆಯ ದಿನದ ಊಟಕ್ಕೆ ಗುಲ್ಜಿನಾ ಬಂದಳು. ಸಾವಿನ ಊಟಕ್ಕೆ ಕರೆದಾಗ ಇಲ್ಲವೆನ್ನಲಾಗದೆ ಕುಬಾತ್‌ನೇ ಕರೆದುಕೊಂಡು ಬಂದಿದ್ದ. ಅವಳು ಮೂಲೆಯಲ್ಲಿ ಕೂತು, ಮುರಿದ ಹಲ್ಲು ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದಳು. ಮಣಿಕಟ್ಟಿನ ಮೇಲೆ ಸಿಗರೇಟಿನ ಸುಟ್ಟಗಾಯಗಳಿದ್ದವು.

ನೆಂಟರು ಚದುರಿದ ಮೇಲೆ ನಾನು ದೊಡ್ಡ ಕಡಾಯಿಯ ಕೆಳಗಿನ ಬೂದಿ ಕೆದಕುತ್ತಿದ್ದೆ. ಗೇಟಿನಾಚೆ ಏನೋ ಸರಿದಂತಾಯಿತು, ಹೋಗಿ ನೋಡಿದೆ. ಕುಬಾತ್ ಹೆಂಡತಿಯ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಕಾರಿನ ಕಡೆ ಎಳೆಯುತ್ತಿದ್ದ. ಅಮ್ಮನ ಜೊತೆ ಒಂದೆರಡು ದಿನ ಇದ್ದು ಬರುತ್ತೇನೆ ಎಂದಿದ್ದಳಂತೆ, ಅಷ್ಟಕ್ಕೆ. ಅವನ ಇನ್ನೊಂದು ಕೈಯ ಗುದ್ದು ಅವಳ ಪಕ್ಕೆಗೆ ಬೀಳುತ್ತಲೇ ಇತ್ತು. ಗುಲ್ಜಿನಾ ಬಗ್ಗಿಕೊಂಡು ಅವನ ಹಿಂದೆಯೇ ನಡೆಯುತ್ತಿದ್ದಳು. ಬಾಯಿಯಿಂದ ಒಂದೇ ಒಂದು ಸದ್ದಿಲ್ಲ. ಇಡೀ ಓಣಿ ಬಾಗಿಲು ಹಾಕಿಕೊಂಡು ಮಲಗಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಜುರಾಕನ್ ಅವರ ಪಕ್ಕದಲ್ಲೇ ಓಡುತ್ತಿದ್ದಳು. ಊರೆಲ್ಲ ಕೂಗಿಕೊಂಡು ಬಂದ ಹೆಂಗಸು, ತಾನು ಕೂಗಲಿಲ್ಲ. ನಾನು ಬಾಯಿ ತೆರೆದದ್ದನ್ನು ಕಂಡು ಕೈ ಅಡ್ಡ ಹಿಡಿದಳು. "ತಡಿ ಬುರುಲ್," ಎಂದಳು ನನಗೆ. ಮಗಳ ಕಡೆ ತಿರುಗಿ ಬೇಡಿಕೊಂಡಳು. "ಕೂಗು ಮಗಳೇ."

"ದಾರಿ ಬಿಡಿ ಅತ್ತೆ," ಎಂದು ಕುಬಾತ್ ಜುರಾಕನ್‌ಳನ್ನು ತಳ್ಳಿದ. ಅವಳು ಮೋರಿಯ ಕಲ್ಲಿಗೆ ಬಡಿದು ಬಿದ್ದಳು. ತುಟಿ ಒಡೆಯಿತು. ಬಿದ್ದಲ್ಲಿಂದಲೇ ಮಗಳ ಲಂಗದ ಅಂಚು ಹಿಡಿದುಕೊಂಡಳು.

"ಕೂಗೇ! ಅವತ್ತು ಇದ್ಬಿಡು ಅಂದೆ, ನನ್ನ ಬಾಯಿಗೆ ಮಣ್ಣು ಹಾಕ. ಇದು ಆ ಊರಲ್ಲ ಕಣೇ. ಇಲ್ಲಿ ಕೂಗಿದ್ರೆ ಬರ್ತಾರೆ. ಒಂದ್ಸಲ ಕೂಗೇ ನನ್ನವ್ವ!"

ಗುಲ್ಜಿನಾ ಬಾಯಿ ತೆರೆದಳು. ಮೊದಲು ಬರೀ ಉಸಿರು ಬಂತು. ಆಮೇಲೆ ತುಕ್ಕು ಹಿಡಿದ ಬಾಗಿಲು ಸರಿದಂತೆ ಗೊಗ್ಗರು ಸದ್ದು. ಅದರ ಹಿಂದೆಯೇ ಕೂಗು ಬಂತು. ಅಂಥ ಕೂಗನ್ನು ನಾನು ಹೆರಿಗೆ ಮನೆಯಲ್ಲೂ ಕೇಳಿಲ್ಲ.

ಎರ್ಗೆಶ್‌ನ ಗೇಟು ತೆರೆಯಿತು. ಅದರ ಪಕ್ಕದ್ದು, ಅದರಾಚೆಯದು, ಎಲ್ಲ ತೆರೆದವು. ಆದರೆ ಕುಬಾತ್‌ಗೆ ಮೊದಲ ಏಟು ಬಿದ್ದದ್ದು ನನ್ನಿಂದ. ಓಡುವಾಗ ಕೈಯಲ್ಲೇನಿದೆ ಎಂದೂ ನೋಡಿರಲಿಲ್ಲ. ಅದು ಅತ್ತೆಯ ಸಲಾಕೆ, ತುದಿಯಲ್ಲಿ ಇನ್ನೂ ಬೂದಿಯಿತ್ತು. ಕೂದಲು ಹಿಡಿದಿದ್ದ ಕೈಯ ಮೇಲೆಯೇ ಇಳಿಸಿದೆ. ಬೆರಳು ಬಿಟ್ಟುಕೊಂಡಿತು. ಮಿಕ್ಕದ್ದನ್ನು ಓಣಿ ನೋಡಿಕೊಂಡಿತು.

ಅವನು ನೆಲಕ್ಕೆ ಬಿದ್ದ ಮೇಲೂ, ಎರ್ಗೆಶ್ ಅವನ ಕಾರಿನ ಕೀಲಿಯನ್ನು ಕಾಲುವೆಗೆ ಎಸೆದ ಮೇಲೂ ಗುಲ್ಜಿನಾ ಕೂಗುತ್ತಲೇ ಇದ್ದಳು. ಕಣ್ಣು ಮುಚ್ಚಿ, ಎರಡೂ ಕೈ ಕೆಳಗೆ ಬಿಟ್ಟು, ನಿಂತಲ್ಲೇ ನಿಂತು ಕೂಗುತ್ತಿದ್ದಳು. ಸಮಾಧಾನ ಮಾಡಲೆಂದು ಸಾತಿಬಾಲ್ಡಿ ಮುಂದೆ ಹೋದ. ಜುರಾಕನ್ ತುಟಿಯ ರಕ್ತ ಒರೆಸಿಕೊಳ್ಳುತ್ತ ಅವನ ತೋಳು ಹಿಡಿದು ನಿಲ್ಲಿಸಿದಳು.

"ಬಿಡ್ರೀ," ಎಂದಳು. "ಕೂಗ್ಲಿ."