ಅಕ್ಕನನ್ನು ಕೇಳದೆ ಕೊಟ್ಟ ಉತ್ತರ

ಅಕ್ಕನನ್ನು ಒಂದು ಮಾತು ಕೇಳಬೇಕಿತ್ತು. ನಾನು ಕೇಳಲಿಲ್ಲ.

ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ನಾನು ಜೀಪು ಓಡಿಸುತ್ತೇನೆ. ಅಲ್ಲಿನ ಬಂಗಲೆಯ ಮಗುವನ್ನು ಹುಟ್ಟಿದಾಗಿನಿಂದ ನೋಡಿಕೊಂಡವಳು ನಮ್ಮಕ್ಕ. ಹಾಲು ಕುಡಿಸುವ ಮೊದಲು ತನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡುವಳು. ಮಗು ಎಷ್ಟೇ ಹಠ ಮಾಡಿದರೂ, “ಆಯ್ತು ಮಾರಾಯ” ಎನ್ನುವಳು.

ಮಗು ಮೂಡಿಗೆರೆಯ ಶಾಲೆಗೆ ಸೇರಿದಾಗ ಅದರ ತಾಯಿ, ಬಂಗಲೆಯ ಅಮ್ಮಾವ್ರು, ನನ್ನನ್ನು ಕರೆದರು. “ಹಗಲು ನಿನ್ನಕ್ಕ ಕಾಫಿ ಒಣಗಿಸೋ ಕಣಕ್ಕೆ ಹೋಗ್ಲಿ. ಸಂಜೆ ಮಗು ಬಂದ್ಮೇಲೆ ನೋಡ್ಕೊಳ್ತಾಳಾ, ಕೇಳ್ಕೊಂಡು ಬಾ.”

ಎರಡೆರಡು ಕಡೆ ದುಡಿತ ಅವಳಿಗೆ ಯಾಕೆ ಎಂದುಕೊಂಡೆ. “ಅವಳಿಗೆ ಕಣವೇ ಸಾಕು ಅಮ್ಮಾವ್ರೇ,” ಎಂದು ಅಲ್ಲೇ ಹೇಳಿಬಿಟ್ಟೆ. ಅಕ್ಕನಿಗೆ, “ನಾಳೆಯಿಂದ ಕಣಕ್ಕಂತೆ,” ಎಂದಷ್ಟೇ ಹೇಳಿದೆ.

“ಆಯ್ತು ಮಾರಾಯ,” ಎಂದಳು.

ದಿನವೂ ಸಂಜೆ ಮಗುವನ್ನು ಶಾಲೆಯಿಂದ ಕರೆತರುವ ನನ್ನ ಜೀಪಿನ ಸದ್ದು ಕೇಳಿದರೆ ಕಾಫಿ ಹರವುವುದನ್ನು ಬಿಟ್ಟು ರಸ್ತೆಗೆ ಬರುವಳು. ಮಗುವಿನ ಊಟದ ಡಬ್ಬಿ ತೆರೆದು, “ಪಲ್ಯ ಬಿಟ್ಟಿದ್ದೀಯಲ್ಲೋ ಕಳ್ಳ!” ಎನ್ನುವಳು. ನಾವು ಹೊರಟ ಮೇಲೂ ಅವಳು ಅಲ್ಲೇ ನಿಂತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು.

ಮೊನ್ನೆ ಮಗು ಅಕ್ಕನನ್ನು ಕೇಳಿತು: “ಅಮ್ಮ ಕರೆದ್ರೂ ನೀನು ಸಂಜೆ ಬರಲ್ಲ ಅಂದ್ಯಂತೆ, ಹೌದಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ಜೀಪಿನ ಎಂಜಿನ್ ಆರಿಸಿ ಕೆಳಗಿಳಿದೆ.

“ಹಾಗಂದಿದ್ದು ನಾನು ಅಕ್ಕ. ನಿನ್ನನ್ನ ಕೇಳ್ದೇನೇ ಹೇಳ್ಬಿಟ್ಟೆ. ತಪ್ಪಾಯ್ತು.”