ವಾಲ್ವು ತೊಳೆದ ಹಬ್ಬ

ಹೋದ ತಿಂಗಳು ಉದಗೀರದಲ್ಲಿ ನನ್ನ ಅಕ್ಕನ ಮಗಳ ಮದುವೆಯಾಯಿತು. ವಿಡಿಯೋ ತೆಗೆಯುವವನು ಯಾವ ಕಾಲದಿಂದಲೋ ಮೂಲೆಯಲ್ಲಿ ಬಿದ್ದಿದ್ದ ಒಂದು ದೊಡ್ಡ ಫೋಕಸ್ ದೀಪ ತಂದು ಹೊತ್ತಿಸಿದ. ಅದು ಕಾದಂತೆ ಮೇಲೆ ಕೂತಿದ್ದ ಧೂಳು ಸುಟ್ಟು ವಾಸನೆ ಬಂತು. ಒಣ ವಾಸನೆ, ಹತ್ತಿ ಸುಟ್ಟ ಹಾಗೆ, ಆದರೆ ಅದಕ್ಕಿಂತ ತೆಳು... ಪಕ್ಕದ ಹೆಂಗಸರು ಮೂಗಿಗೆ ಸೆರಗು ಹಿಡಿದರು. ಅಕ್ಷತೆ ಹಿಡಿದಿದ್ದ ನನ್ನ ಕೈ ಮಾತ್ರ ಹಾಗೇ ನಿಂತುಬಿಟ್ಟಿತು. ಅಕ್ಕ ಹಾಡಲು ಕೂತಾಗಲೆಲ್ಲ ನಮ್ಮ ಮನೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ನಾವು ಮರಾಠಿ ಗಡಿಯ ಉಮರ್ಗಾ ತಾಲೂಕಿನವರು, ಮುರುಮದ ಹತ್ತಿರದ ಹಳ್ಳಿ. ತೊಂಬತ್ತಮೂರರ ಭೂಕಂಪದಲ್ಲಿ ಗೋಡೆ ಬಿದ್ದು ಅವ್ವ ಹೋದಳು. ಅದೇ ಗೋಡೆಯ ಕೆಳಗಿನಿಂದ ಅಕ್ಕನನ್ನು ಎಳೆದು ತೆಗೆದರು. ಆಕೆ ಉಳಿದಳು, ಕಿವಿಗಳು ಉಳಿಯಲಿಲ್ಲ. ಹತ್ತಿರ ನಿಂತು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಬಾಗಿಲು ಬಡಿದರೆ, ಎಮ್ಮೆ ಒದರಿದರೆ, ಹಾಲು ಉಕ್ಕಿ ಒಲೆಗೆ ಬಿದ್ದು ಚುರ್ರೆಂದರೆ ಆಕೆಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮನೆಯೆಲ್ಲ ನನ್ನ ಕೈಗೆ ಬಂತು. ಮರಾಠಿ ಶಾಲೆಯಲ್ಲಿ ಏಳನೆಯ ತರಗತಿಗೆ ನನ್ನ ಓದು ಮುಗಿಯಿತು. ಅಕ್ಕನಿಗೆ ಉಳಿದದ್ದು ಹಾಡು. ಅವ್ವ ಕಲಿಸಿದ್ದ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುತ್ತಿದ್ದಳು. ಆದರೆ ತನ್ನ ದನಿ ತನಗೇ ಕೇಳದವಳಿಗೆ ಸ್ವರ ಎಲ್ಲಿ ನಿಲ್ಲಬೇಕು? ಒಂದು ಕಡೆ ಏಕತಾರಿ, ಇನ್ನೊಂದು ಕಡೆ ಅಕ್ಕ.

ಉದಗೀರದಲ್ಲಿ ನಮ್ಮ ಸೋದರಮಾವ ಇದ್ದರು. ಮದುವೆ, ಭಜನೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವುದು ಅವರ ಕೆಲಸ. ಹಳೆಯ ಕಾಲದ ವಾಲ್ವಿನ ಆಂಪ್ಲಿಫೈಯರುಗಳು ಅವರ ಅಟ್ಟದ ಮೇಲೆ ಬಿದ್ದಿದ್ದವು. ಭೂಕಂಪವಾಗಿ ಒಂದೆರಡು ವರ್ಷವಾದ ಮೇಲೆ ಅವುಗಳಲ್ಲಿ ಒಂದನ್ನು ಬಿಚ್ಚಿ, ಸಾಗವಾನಿ ಪೆಟ್ಟಿಗೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಕೇಳುವ ಹಾಗೆ ಮಾಡಿ ಬಸ್ಸಿನಲ್ಲಿ ಹೊತ್ತು ತಂದರು. ಹಿಟ್ಟಿನ ಚೀಲದಷ್ಟು ಭಾರ. ಎದುರಿಗೆ ಮೈಕು, ಕಿವಿಗೆ ಹೆಡ್‌ಫೋನು. ಒಳಗೆ ಬಲ್ಬಿನಂಥ ಎರಡು ಗಾಜಿನ ವಾಲ್ವು, ಒಂದು ಎತ್ತರದ, ಉಬ್ಬಿದ ಹೊಟ್ಟೆಯದು, ಒಂದು ಗಿಡ್ಡ. ಅವು ಕಾದು ಕೆಂಪಗಾಗುವವರೆಗೆ ಕಾಯಬೇಕು, ಆಮೇಲೆ ದನಿ.

ಮೊದಲ ಸಲ ಹಾಡಿ ಅಕ್ಕ ಗಕ್ಕನೆ ನಿಂತಳು.

“ಮಾಮಾ, ನನ್ನ ದನಿ ಹಿಂಗದೇನ? ಗಂಡಸರಂಗ ಆಗ್ಯಾದಲ್ಲ!”

“ನಿನ್ನ ದನಿ ಚಲೋನೇ ಅದವ್ವ. ನನ್ನ ಮಶೀನಿಗಿ ನೆಗಡಿ ಬಂದದ,” ಎಂದು ಮಾಮಾ ಕೂಗಿ ಹೇಳಿದರು. ಅಕ್ಕ ನಗುತ್ತ ಅತ್ತಳು. ಹೋಗುವಾಗ ಮಾಮಾ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದೇ ಮಾತು ಹೇಳಿದರು. “ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ. ಪ್ಲಗ್ ಕಿತ್ತಿದ್ರೂ ಕರೆಂಟ್ ಒಳಗ ಕುಂತಿರ್ತದ, ನಿಮ್ಮಜ್ಜಿ ಸಿಟ್ಟಿನಂಗ.”

ಆಮೇಲೆ ದಿನವೂ ಸಂಜೆ ಅಕ್ಕ ಕೂರುತ್ತಿದ್ದಳು. ಕಣ್ಣು ಮುಚ್ಚಿ, ಒಂದೇ ಸಾಲನ್ನು ಹತ್ತಾರು ಸಲ. ಜಾರಿದ ಕಡೆಗೆ ಮತ್ತೆ ಬರುವಳು, ಬಟ್ಟೆಯ ಮೇಲಿನ ಕಲೆಯನ್ನು ಉಜ್ಜಿದ ಹಾಗೆ ಉಜ್ಜುವಳು. ವರ್ಷದೊಳಗೆ ಆಕೆಯ ದನಿ ಏಕತಾರಿಯ ಪಕ್ಕಕ್ಕೆ ಬಂದು ನಿಂತಿತು. ಓಣಿಯವರು ಕಟ್ಟೆಯ ಮೇಲೆ ಬಂದು ಕೂತು ಕೇಳತೊಡಗಿದರು. ಬಂದವರಿಗೆಲ್ಲ ಚಹಾ ಮಾಡುವವಳು ನಾನು. ಒಳಗೆ ಒಲೆಯ ಮುಂದಿದ್ದ ನನ್ನನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ. “ಅಕ್ಕಗ ಏನ್ ಕಂಠ ಕೊಟ್ಟಾನ ದೇವರು!” ಎಂದು ಲೋಟ ಕೆಳಗಿಟ್ಟು ಹೋಗುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಮಾಮಾ ತೀರಿಕೊಂಡರು. ಅವರ ದಿನಕರ್ಮದ ದಿವಸ ಅಕ್ಕ ಭಜನೆಯವರೊಂದಿಗೆ ಹಾಡಿದ್ದನ್ನು ಕೇಳಿದ ಉದಗೀರದ ಮಠದ ಹಿರಿಯರು, ಕಾರ್ತಿಕದ ಕೊನೆಯ ಸೋಮವಾರ ಬಂದು ಒಬ್ಬಳೇ ಹಾಡಬೇಕೆಂದು ಕೇಳಿದರು. ಅಕ್ಕ ಒಪ್ಪಿಕೊಂಡಳು. ಮಾಮಾನೇ ಇಲ್ಲದ ಮೇಲೆ ಆ ಭಾರದ ಮಶೀನನ್ನು ಅಲ್ಲಿಗೆ ಒಯ್ಯುವ ಹಾಗಿರಲಿಲ್ಲ. ಅದಕ್ಕೇ ದನಿ ಗಂಟಲಿನಲ್ಲಿ ತಾನಾಗಿ ಕೂರುವವರೆಗೆ, ಕಿವಿಯ ಹಂಗಿಲ್ಲದೆ ನಿಲ್ಲುವವರೆಗೆ ತಿಂಗಳುಗಟ್ಟಲೆ ರೂಢಿ ಮಾಡಬೇಕೆಂದು ಹಟ ಹಿಡಿದಳು.

ದಸರೆ ಬಂತು. ಖಂಡೇಪೂಜೆಗೆ ನಮ್ಮಲ್ಲಿ ಮನೆಯ ಒಂದು ಸಾಮಾನೂ ಬಿಡುವುದಿಲ್ಲ. ಕುಡುಗೋಲು, ಕೊಡಲಿ, ತಕ್ಕಡಿ, ಈಳಿಗೆ ಎಲ್ಲವನ್ನೂ ತೊಳೆದು ಮೂರು ಬೆರಳಿನ ವಿಭೂತಿ ಎಳೆಯಬೇಕು. ಅಂದು ಅವಕ್ಕೆ ಕೆಲಸವಿಲ್ಲ. ಅಪ್ಪನೂ ಅಕ್ಕನೂ ಹೊಲದ ಪೂಜೆಗೆ ಹೋಗಿದ್ದರು. ನಾನು ಒಬ್ಬಳೇ ತೊಳೆಯುತ್ತ ಮಶೀನಿನ ಹತ್ತಿರ ಬಂದೆ. ಮಾಮಾ ಹೇಳಿದ್ದು ನೆನಪಿತ್ತು. ಆದರೂ ಮುಚ್ಚಳ ತೆಗೆದೆ. ಒಳಗಿನ ಗಾಜುಗಳ ಮೇಲೆ ಧೂಳು ಕಟ್ಟಿತ್ತು. ಕಂದೀಲಿನ ಗಾಜನ್ನು ತೊಳೆಯುವುದಿಲ್ಲವೇ, ಹಾಗೆಯೇ ಅಂದುಕೊಂಡು ಎರಡೂ ವಾಲ್ವುಗಳನ್ನು ಕಿತ್ತು, ಬೂದಿ ಹಚ್ಚಿ ಉಜ್ಜಿ ತೊಳೆದೆ. ಗಾಜಿನ ಮೇಲೆ ಅಚ್ಚಾಗಿದ್ದ ಬಿಳಿಯ ಅಂಕಿಗಳು ಬೂದಿಯೊಂದಿಗೇ ಹೋದವು. ಬಿಸಿಲಿಗೆ ಒಣಗಿಸಿ, ವಿಭೂತಿ ಎಳೆದು, ತಿರುಗಿ ಕೂರಿಸಿದೆ. ಎರಡಕ್ಕೂ ಎಂಟೆಂಟು ಕಾಲು. ಎರಡು ಕುಳಿಯಲ್ಲೂ ಎರಡೂ ಕೂರುತ್ತಿದ್ದವು.

ಮರುದಿನ ಸಂಜೆ ಅಕ್ಕ ಪ್ಲಗ್ ಹಾಕಿದಳು. ಎದುರಿನ ಕೆಂಪು ಸಣ್ಣ ದೀಪ ಹತ್ತಿತು. ದನಿ ಬರಲಿಲ್ಲ.

ಆಗಲೇ ಹೇಳಬಹುದಿತ್ತು. “ಅಕ್ಕಾ, ನಾ ಮುಚ್ಚಳ ತೆಗೆದಿದ್ದೆ” ಅಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ, ಚಹಾ ಇಡುವುದಿರಲಿಲ್ಲ...

ಅಕ್ಕನಿಗೆ ಕರೆಂಟಿನ ವಿಷಯ ಒಂದಕ್ಷರ ಗೊತ್ತಿರಲಿಲ್ಲ. ಆದರೆ ಹೊಲಕ್ಕೆ ನೀರು ಬರದಿದ್ದರೆ ಹೇಗೆ ಹುಡುಕಬೇಕೆಂದು ಗೊತ್ತಿತ್ತು. ಒಂದು ತುದಿ ಹಿಡಿದು ಪೈಪಿನ ಜೋಡುಗಳನ್ನು ಒಂದೊಂದಾಗಿ ನೋಡುತ್ತ ನಡೆಯುವುದು. ಹಾಗೆಯೇ ಶುರು ಮಾಡಿದಳು. ಗೋಡೆಯ ಪ್ಲಗ್ಗಿಗೆ ಬೇರೆ ದೀಪ ಹಾಕಿ ನೋಡಿದಳು, ಹತ್ತಿತು. ಕೆಂಪು ದೀಪ ಹತ್ತಿದ ಮೇಲೆ ವೈರು ಸರಿ ಇದೆ ಅಂದಳು. ಮುಚ್ಚಳ ಮುಟ್ಟುವ ಮೊದಲು ಹೊರಗಿನದೆಲ್ಲ ನೋಡಿಬಿಡಬೇಕೆಂದು ಹೆಡ್‌ಫೋನು ಕಿತ್ತುಕೊಂಡಳು. ಮಾಮಾ ಹಿಂದೊಮ್ಮೆ ಬ್ಯಾಟರಿಯ ಸೆಲ್ಲನ್ನು ಅದರ ಪಿನ್ನಿಗೆ ಮುಟ್ಟಿಸಿ ಪರೀಕ್ಷೆ ಮಾಡಿದ್ದನ್ನು ಆಕೆ ನೋಡಿದ್ದಳು. ಚೆನ್ನಾಗಿದ್ದರೆ ಟಕ್ಕೆಂದು ಸದ್ದು ಬರುತ್ತದೆ. ಆದರೆ ಅಂಥ ಸಣ್ಣ ಸದ್ದು ಆಕೆಗೆಲ್ಲಿ ಕೇಳಬೇಕು? ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದಳು.

“ಟಕ್ ಅಂತದೇನ ನೋಡು.”

ಟಕ್ ಅಂದಿತು. ಎರಡೂ ಕಿವಿಯಲ್ಲಿ, ನೀರಿನ ಹನಿ ಬಿದ್ದಷ್ಟು ಸ್ವಚ್ಛವಾಗಿ. ನಾನು ತಲೆ ಅಲ್ಲಾಡಿಸಿದೆ. “ಇಲ್ಲ.”

“ಮತ್ತೊಮ್ಮೆ ಕೇಳು. ಈಗ?”

“ಏನೂ ಇಲ್ಲಕ್ಕಾ.”

ಅಕ್ಕ ನಂಬಿದಳು. ರೋಗ ಸಿಕ್ಕಿತೆಂದು ಖುಷಿಯೂ ಪಟ್ಟಳು. ಅಪ್ಪ ಹೆಡ್‌ಫೋನನ್ನು ಉದಗೀರದಲ್ಲಿ ಮಾಮಾನ ಪರಿಚಯದ ಒಬ್ಬ ರಿಪೇರಿಯವರಿಗೆ ಕೊಟ್ಟು ಬಂದರು. ಹಬ್ಬದ ಸೀಜನ್ನು, ಕೈ ಬಿಡುವಿಲ್ಲ ಎಂದು ಅವರು ಅದನ್ನು ಅಲ್ಲೇ ಇಟ್ಟುಕೊಂಡರು. ದೀಪಾವಳಿ ಹೋಯಿತು. ಅಕ್ಕ ಮಶೀನಿಲ್ಲದೆಯೇ ಕೂತು ಹಾಡುತ್ತಿದ್ದಳು. ದನಿ ದಿನದಿನಕ್ಕೆ ಏಕತಾರಿಯನ್ನು ಬಿಟ್ಟು ದೂರ ಸರಿಯುತ್ತಿತ್ತು. ಎದುರು ಮನೆಯ ಕಾಕಿ ನೀರಿಗೆ ಬಂದಾಗ, “ಏ ತಂಗೀ, ನಿಮ್ಮಕ್ಕ ಹಾಡ್ಲಿಕತ್ತಾಳೋ, ಸ್ಪೀಕರಿನ ಭೋಂಗಾ ಕೆಟ್ಟದೋ?” ಎಂದು ಕೇಳಿ ನಕ್ಕಳು. ನಾನೂ ನಕ್ಕೆ.

ಕಾರ್ತಿಕದ ಕೊನೆಯ ಸೋಮವಾರ ಬಂತು. ಬೇಡವೆಂದು ಹೇಳಿ ಕಳಿಸೋಣ ಅಂದರು ಅಪ್ಪ. “ಮಾತ ಕೊಟ್ಟೀನಿ, ಹೋಗ್ತೀನಿ,” ಎಂದು ಅಕ್ಕ ಸೀರೆ ಉಟ್ಟು ನಿಂತಳು. ಮಠದ ತುಂಬ ಹಣತೆ. ಅಕ್ಕ ಎರಡನೆಯ ಸಾಲಿಗೇ ಜಾರಿದಳು. ಅಲ್ಲಿಂದ ಮುಂದೆ ಸ್ವರ ಬೇರೆ ಯಾವುದೋ ದಾರಿ ಹಿಡಿಯಿತು. ನಕ್ಕವರ ದನಿ ಆಕೆಗೆ ಕೇಳಿರಲಿಕ್ಕಿಲ್ಲ, ಆದರೆ ಬಾಯಿ ಮುಚ್ಚಿಕೊಂಡ ಕೈಗಳು ಕಂಡಿರಬೇಕು. ಅಕ್ಕ ನಿಲ್ಲಿಸಲಿಲ್ಲ. ಪದವನ್ನು ಪೂರ್ತಿ ಮುಗಿಸಿ, ಏಕತಾರಿಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದಳು. ನಾನು ಆಕೆಯ ಜಾಗದಲ್ಲಿದ್ದರೆ ಅರ್ಧಕ್ಕೆ ಓಡಿಹೋಗುತ್ತಿದ್ದೆ.

ತಿರುಗಿ ಬರುವಾಗ ನಿಲಂಗಾದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಕ್ಕ ನನ್ನ ಕಡೆ ತಿರುಗಿ ಕೇಳಿದಳು. “ಖರೇ ಹೇಳು. ಎಲ್ಲಿಂದ ಜಾರಿದೆ?”

“ಚಲೋನೇ ಇತ್ತಕ್ಕಾ,” ಎಂದು ಕೂಗಿದೆ.

“ನೀನೂ ಸುಳ್ಳ ಹೇಳಿದ್ರ ನಾ ಇನ್ನ ಯಾರಿಗಿ ಕೇಳ್ಲಿ?”

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳಿದಳು. ನಾನು ಕಿಟಕಿಯ ಹೊರಗೆ ಕಬ್ಬಿನ ರಸ ಮಾರುವವನನ್ನು ನೋಡುತ್ತ ಕೂತೆ.

ಆ ವಾರವೇ ಹೆಡ್‌ಫೋನು ವಾಪಸು ಬಂತು. “ಇದಕ್ಕ ಏನೂ ಆಗಿಲ್ಲ ಅಂತ ಹೇಳ್ಯಾರ,” ಎಂದು ಅಪ್ಪ ಗಟ್ಟಿಯಾಗಿ ಹೇಳಿ ಜಗಲಿಯ ಮೇಲಿಟ್ಟರು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಎದ್ದು ಸೆಲ್ಲು ತಂದಳು. ಈ ಸಲ ನನ್ನನ್ನು ಕರೆಯಲಿಲ್ಲ. ಹೆಡ್‌ಫೋನಿನ ಅಂಚನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದು ಪಿನ್ನಿಗೆ ಸೆಲ್ಲು ಮುಟ್ಟಿಸಿದಳು. ಹುಬ್ಬುಗಳು ಮೇಲೇರಿದವು. ಮತ್ತೊಮ್ಮೆ ಮುಟ್ಟಿಸಿದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

“ಬೀಸುಕಲ್ಲ ಸಪ್ಪಳ ನನಗ ಎಲುವಿನಾಗ ಕೇಳಸ್ತದ. ಇದೂ ಕೇಳಸ್ತು,” ಅಂದಳು. ಸೆಲ್ಲನ್ನು ಕೆಳಗಿಟ್ಟು, “ಏನವ್ವ, ನಿನ್ನ ಕಿವೀನೂ ಗ್ವಾಡಿ ಕೆಳಗ ಸಿಕ್ಕಿದ್ವೇನ?” ಎಂದು ಕೇಳಿದಳು.

ನಾನು ಬಾಗಿಲು ಬಿಟ್ಟು ಒಲೆಯ ಕಡೆ ಸರಿದೆ. ಆಕೆ ಮುಂದೆ ಕೇಳಲೂ ಇಲ್ಲ. ಇನ್ನು ಒಳಗಿನದೊಂದೇ ಉಳಿದದ್ದು ಎಂದು ಮಶೀನಿನ ಹತ್ತಿರ ಹೋದಳು. ಪ್ಲಗ್ಗು ಕಿತ್ತು, ಕರೆಂಟಿನ ಸಿಟ್ಟು ಇಳಿಯಲಿ ಎಂದು ಬೆಳಗಿನವರೆಗೂ ಬಿಟ್ಟಳು. ಮರುದಿನ ಕಟ್ಟಿಗೆಯ ಮಣೆಯ ಮೇಲೆ ನಿಂತು, ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಚ್ಚಳ ತೆಗೆದಳು. ಒಂದು ಕೈ ಹಿಂದಿದ್ದರೆ ಜೀವಕ್ಕೆ ಅಪಾಯ ಕಡಿಮೆ ಎಂದು ಮಾಮಾ ಎಂದೋ ಹೇಳಿದ್ದರಂತೆ. ನಾನು ನೋಡುತ್ತ ನಿಂತಿದ್ದೆ. ಏನಾದರೂ ಆಗಿದ್ದರೆ... ಆಗಲಿಲ್ಲ.

ಒಳಗೆ ನನ್ನ ವಿಭೂತಿಯ ಗೆರೆಗಳು ಹಾಗೇ ಇದ್ದವು. ಅಕ್ಕ ಅವನ್ನು ಕಂಡಳು. ಮುಚ್ಚಳವನ್ನು ಮಗುಚಿ ನೋಡಿದಳು. ಅದರ ಒಳಮೈಗೆ ಒಂದು ಕಡೆ ರೊಟ್ಟಿ ಸೀದ ಹಾಗೆ ದುಂಡನೆಯ ಕಂದು ಕಲೆ. ಎತ್ತರದ ವಾಲ್ವು ದಿನವೂ ಕಾದು ಸುಟ್ಟ ಗುರುತು. ಮುಚ್ಚಳವನ್ನು ಪೆಟ್ಟಿಗೆಯ ಮೇಲೆ ಹಿಡಿದಳು. ಕಲೆಯ ಕೆಳಗೆ ಈಗ ಗಿಡ್ಡದು ನಿಂತಿತ್ತು.

ಅಕ್ಕ ಗಟ್ಟಿಯಾಗಿ ನಕ್ಕಳು. ಎರಡನ್ನೂ ಕಿತ್ತು ಅದಲುಬದಲು ಮಾಡಿ, ಮುಚ್ಚಳ ಹಾಕಿ, ಪ್ಲಗ್ಗು ಚುಚ್ಚಿದಳು. ಪೆಟ್ಟಿಗೆಯ ಹಿಂದಿನ ತೂತುಗಳಲ್ಲಿ ಕೆಂಡದಂಥ ಬೆಳಕು ಮೂಡಿತು, ಕಾದ ವಾಸನೆ ಬಂತು. ಮೈಕಿನ ಎದುರು ಮೆಲ್ಲಗೆ ಒಂದು ಸ್ವರ ಹಿಡಿದಳು. ಆಕೆಯ ಮುಖ ನೋಡಿದರೆ ಸಾಕಿತ್ತು. ಅಂಕಿ ಓದಲು ಬರದವಳು, ಅಂಕಿಯೇ ಅಳಿಸಿಹೋದ ಮೇಲೆ, ಸುಟ್ಟ ಕಲೆಯೊಂದನ್ನು ಹಿಡಿದು ಜಾಗ ಕಂಡುಕೊಂಡಿದ್ದಳು.

ಅಪ್ಪ ಬಂದು ಏನಾಗಿತ್ತೆಂದು ಕೇಳಿದರು. “ಧೂಳ ಕುಂತಿತ್ತಪ್ಪಾ,” ಅಂದಳು ಅಕ್ಕ. ಅವರು ಆಚೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು.

“ಪೂಜಿ ಭಾಳ ಚಲೋ ಮಾಡೀದಿ. ಅಪ್ಪ ಬಡೀತಾನಂತ ಅಂಜಿದ್ಯೇನ, ಹುಚ್ಚಿ?”

ನಾನು ಹೌದೆಂದು ತಲೆ ಆಡಿಸಿದೆ. ಅಕ್ಕ ನನ್ನ ತಲೆ ಸವರಿ, ಅಂಜಿದವರ ಮೇಲೆ ಸಿಟ್ಟು ಮಾಡಬಾರದು ಅಂದಳು. ಮುಂದಿನ ಕಾರ್ತಿಕದಲ್ಲಿ ಕರೆಯದೆಯೇ ಅದೇ ಮಠಕ್ಕೆ ಹೋಗಿ, ಅದೇ ಪದ ಹಾಡಿದಳು. ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಅಲ್ಲಿ ಕೂತು ಕೇಳಿದ ಒಂದು ಮನೆಯವರೇ ಮುಂದೆ ಆಕೆಯನ್ನು ಸೊಸೆ ಮಾಡಿಕೊಂಡರು. ಉದಗೀರದಲ್ಲಿ ಇಪ್ಪತ್ತು ವರ್ಷ ಬಾಳಿದಳು. ಮೂರು ವರ್ಷದ ಹಿಂದೆ ಜ್ವರ ಬಂದು ಹೋದಳು...

ಮದುವೆಯ ದಿನ ಊಟವಾದ ಮೇಲೆ ಅಕ್ಕನ ಮಗಳು ನನ್ನ ಪಕ್ಕ ಬಂದು ಕೂತಳು. “ಮೌಶೀ, ಅವ್ವಂದೇನರ ಹೇಳ್ರಿ,” ಅಂದಳು. ಮಶೀನಿನ ಕಥೆಯನ್ನೇ ಹೇಳಿದೆ. ಹಲ್ಲಿನಲ್ಲಿ ಹೆಡ್‌ಫೋನು ಕಚ್ಚಿದ್ದನ್ನು ಹೇಳಿದಾಗ ಎಲ್ಲರೂ ನಕ್ಕರು. ಮದುಮಗಳು ಕಣ್ಣೊರೆಸಿಕೊಳ್ಳುತ್ತ, “ನೀವ್ಯಾಕ ಸುಳ್ಳ ಹೇಳಿದ್ರಿ ಮೌಶೀ?” ಎಂದು ಕೇಳಿದಳು.

“ಅಂಜಿದ್ದೆನವ್ವಾ,” ಅಂದೆ.

ನಮ್ಮ ಅಪ್ಪ ಜೀವನದಲ್ಲಿ ಒಂದು ಸಲವೂ ನಮ್ಮ ಮೇಲೆ ಕೈ ಎತ್ತಿದವರಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ಆದರೂ ಅಂಜಿಕೆ ಎಂದೇ ನಂಬಿದಳು, ಬೇರೆ ಕಾರಣ ಇರಬಹುದೆಂದು ಆಕೆಗೆ ಹೊಳೆಯಲೇ ಇಲ್ಲ. ನಾನು ಅಂಜಿರಲಿಲ್ಲ. ಮಶೀನು ಸುಮ್ಮನಾದ ಸಂಜೆ ನನಗೆ ಹಿತವಾಗಿತ್ತು. ಮಠದಲ್ಲಿ ಆಕೆ ಜಾರಿದಾಗ, ಒಂದು ಗಳಿಗೆ, ಅಲ್ಲಿಯೂ ಹಿತವಾಗಿತ್ತು. ಅಕ್ಕ ಕ್ಷಮಿಸಿದ್ದು ಅಂಜಿದ ತಂಗಿಯನ್ನು. ನನ್ನನ್ನು ಕ್ಷಮಿಸಲು ಆಕೆಗೆ ನಾನು ಅವಕಾಶವನ್ನೇ ಕೊಡಲಿಲ್ಲ. ಇನ್ನು ಕೊಡುವ ಹಾಗೂ ಇಲ್ಲ.